ಪಕ್ಕದ ಎಲೆಯಲ್ಲಿ ಬಿಟ್ಟಿದ್ದು

ನಮ್ಮಕ್ಕ ಡಾಕ್ಟರು. ಈ ಮಾತನ್ನು ತುಮಕೂರಿನಲ್ಲಿ ನನ್ನ ಬಾಯಿಂದ ಕೇಳದ ಮನುಷ್ಯ ಇದ್ದರೆ ಅವನು ಕಿವುಡನಿರಬೇಕು, ಇಲ್ಲವೇ ನಿನ್ನೆ ತಾನೇ ರೈಲಿಳಿದು ಬಂದವನಿರಬೇಕು. ಆದರೆ ಹೇಳಿದ ಮೇಲೆ ಒಂದು ಪೇಚಾಟವಿತ್ತು. ಎದುರಿಗಿದ್ದವರು ತಕ್ಷಣ ನಾಲಿಗೆ ಹೊರಗೆ ಹಾಕುತ್ತಿದ್ದರು, ಇಲ್ಲವೇ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದರು. ಅಕ್ಕನಿಗೆ ಒಂಟಿ ಹೊಟ್ಟೆಗಳಲ್ಲಿ ಆಸಕ್ತಿ ಇರಲಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಅವಳು ಬೆಂಗಳೂರಿನಲ್ಲಿ ಎಪಿಡೆಮಿಯಾಲಜಿ ಎಂಬ ಮೇಲಿನ ಓದಿಗೆ ಸೇರಿದ್ದಳು. ಒಬ್ಬನಿಗೆ ಏನಾಗಿದೆ ಎಂದು ನೋಡುವ ಓದಲ್ಲ ಅದು. ಒಂದು ಊರಿಗೆ ಊರೇ ಮಲಗಿದರೆ ರೋಗ ಯಾವ ಬಾವಿಯಿಂದ ಎದ್ದು, ಯಾರ ಮನೆ ಹೊಕ್ಕು, ಯಾರ ಮನೆಗೆ ಹೋಯಿತು ಎಂದು ಪತ್ತೆ ಹಚ್ಚುವ ಓದು. ನಮ್ಮಪ್ಪ ಇದನ್ನು ಕೇಳಿ, ಹಾಗಾದರೆ ಪೊಲೀಸಿಗೇ ಸೇರಬಹುದಿತ್ತಲ್ಲ ಎಂದಿದ್ದರು.

ಆ ಓದಿನಲ್ಲಿ ಒಂದು ಕಟ್ಟಳೆ. ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬರೂ ಎಲ್ಲಾದರೂ ರೋಗ ಎದ್ದ ಕಡೆ ತಾವೇ ಹೋಗಿ, ವಿಚಾರಿಸಿ, ಕಾರಣ ಬರೆದುಕೊಡಬೇಕು. ಅಕ್ಕನ ಜೊತೆಯವರಿಗೆಲ್ಲ ಒಂದೊಂದು ಸಿಕ್ಕಿತ್ತು. ಒಬ್ಬರಿಗೆ ಹಾಸ್ಟೆಲ್ಲಿನ ಭೇದಿ, ಇನ್ನೊಬ್ಬರಿಗೆ ಒಂದು ಇಡೀ ಬೀದಿಯ ಕಾಮಾಲೆ. ಅಕ್ಕನಿಗೆ ಏನೂ ಇಲ್ಲ. ರಜಕ್ಕೆ ಬಂದಾಗ ಪೇಪರಿನ ಮೂಲೆ ಮೂಲೆ ಓದಿ, ಎಲ್ಲೂ ಏನೂ ಇಲ್ಲವಲ್ಲೋ ಎಂದು ಉಸಿರು ಬಿಡುತ್ತಿದ್ದಳು. ಮದುವೆಯಾಗದ ಹುಡುಗಿಗೆ ಗಂಡು ನೋಡುವ ಹಾಗೆ ನಾನು ಅವಳಿಗಾಗಿ ರೋಗ ನೋಡುತ್ತಿದ್ದೆ. ದೇವರ ಮನೆಯಲ್ಲಿ ನಿಂತು ಒಂದು ಚಿಕ್ಕ ವಾಂತಿಭೇದಿ ಕೇಳಿಕೊಂಡೆ. ಯಾರೂ ಸಾಯಬಾರದು, ನಮಗೆ ಗೊತ್ತಿರುವವರಿಗೆ ಬರಬಾರದು ಎಂದು ಷರತ್ತೂ ಹಾಕಿದೆ. ದೇವರು ಮೊದಲನೆಯ ಷರತ್ತನ್ನು ಮಾತ್ರ ನಡೆಸಿಕೊಟ್ಟ.

ಗುಬ್ಬಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಗಂಡಿನವರು ಕುಣಿಗಲ್ ಕಡೆಯವರು. ಧಾರೆ ಮುಗಿದು, ಊಟ ಮುಗಿದು, ಅರ್ಧ ಬೀಗರು ಆವತ್ತೇ ಬಸ್ಸು ಹತ್ತಿದರು. ಮಿಕ್ಕವರು ಎಲೆಅಡಿಕೆ ಹಾಕಿಕೊಂಡು ಛತ್ರದ ಜಮಖಾನದ ಮೇಲೆ ಉರುಳಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಗಂಡಿನ ದೊಡ್ಡಪ್ಪ ಎದ್ದು ಕೂತು, ಮುಖ ಕಿವುಚಿಕೊಂಡು, ಚೊಂಬು ಎಲ್ಲಿ ಎಂದರು. ಅವರ ಹಿಂದೆ ಅವರ ತಮ್ಮ. ಅವರ ಹಿಂದೆ ವಾಲಗದವರು. ಆಮೇಲೆ ಕ್ಯೂ ರೇಷನ್ ಅಂಗಡಿಯ ಕ್ಯೂವನ್ನು ಮೀರಿಸಿತು. ಛತ್ರದ ಚೊಂಬುಗಳೆಲ್ಲ ಮುಗಿದು ಕಲಶದ ಚೊಂಬಿಗೂ ಕೈ ಹಾಕಿದರು ಎಂದು ಕಾಲೇಜಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಕಲಶದ್ದು ನಾನು ಸೇರಿಸಿದ್ದು. ಆದರೆ ಗೋಡೆಗೆ ಒರಗಿಕೊಂಡು ಹಿತ್ತಲಲ್ಲಿ ಸಾಲಾಗಿ ವಾಂತಿ ಮಾಡುತ್ತಿದ್ದ ದೊಡ್ಡವರನ್ನು ನೋಡಿ ಆವತ್ತು ನನಗೆ ನಗು ಬಂದಿದ್ದು ನಿಜ. ಬೆಳಗಾಗುವಷ್ಟರಲ್ಲಿ ಎಲ್ಲರೂ ಸುಧಾರಿಸಿಕೊಂಡರು, ಒಗೆದು ಹಿಂಡಿದ ಪಂಚೆಗಳ ಹಾಗೆ.

ಅಕ್ಕ ಆಚೆ ಈಚೆ ಓಡಾಡಿ ಎಲ್ಲರಿಗೂ ಉಪ್ಪು ಸಕ್ಕರೆ ನೀರು ಕುಡಿಸಿದಳು. ಆಮೇಲೆ ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ, ಪೆನ್ನಿದೆಯೇನೋ ಎಂದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ನಾನು ನೋಡಿದ್ದು ಅವಳಿಗೆ ಗೊತ್ತಾಗಿ ತಕ್ಷಣ ತಲೆ ತಗ್ಗಿಸಿದಳು. ತಪ್ಪು ಕಣೋ, ಇಷ್ಟು ಖುಷಿಪಡಬಾರದು ಎಂದಳು. ಖುಷಿ ಮಾತ್ರ ಇಬ್ಬರಿಗೂ ಕಡಿಮೆಯಾಗಲಿಲ್ಲ.

ಬೀಗರು ಹೊರಡುವಾಗ ಮದುಮಗನ ಅಪ್ಪ ಅಂಗಳದಲ್ಲಿ ನಿಂತು ತೀರ್ಪು ಕೊಟ್ಟರು. ಎಲ್ಲಾ ಅಡುಗೆಯವನ ಕೊಳಕು ಪಾತ್ರೆಯಿಂದಾದದ್ದು. ಈ ತಿಂಗಳು ಕುಣಿಗಲ್ ಕಡೆ ಅವನು ಒಪ್ಪಿಕೊಂಡಿರುವ ಮದುವೆಗಳ ಮನೆಗೆಲ್ಲ ತಾವೇ ಹೋಗಿ ಹೇಳುತ್ತಾರಂತೆ, ಅವನು ಆ ಕಡೆ ಸೌಟು ಹಿಡಿಯದ ಹಾಗೆ ಮಾಡುತ್ತಾರಂತೆ. ಅಡುಗೆಯವರು ಗುಬ್ಬಿಯವರೇ, ಚಿಕ್ಕಪ್ಪನ ಮನೆಯ ಎಲ್ಲ ಕಾರ್ಯಕ್ಕೂ ಅವರೇ. ಆವತ್ತು ಮಧ್ಯಾಹ್ನ ಮನೆಗೆ ಬಂದವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಅಕ್ಕನಿಗೆ ಹೇಳಿದರು:

"ಅವ್ವಾ, ನೀವು ಓದಿರೋರು. ನಂದು ತಪ್ಪಾಗಿದ್ರೆ ತಪ್ಪಾಗದೆ ಅಂತ ಹೇಳ್ಬುಡಿ, ಸೌಟು ಕೆಳಗಿಡ್ತೀನಿ. ಆಗಿಲ್ದಿದ್ರೆ ಅದ್ನೂ ಹೇಳಿ. ಸುಮ್ಕೆ ಮಾತ್ರ ಇರ್ಬ್ಯಾಡಿ."

ಅಕ್ಕ ಆಗಲಿ ಎಂದಳು. ಪರೀಕ್ಷೆಯ ಮಾತು ಅಷ್ಟು ಹೊತ್ತಿಗೆ ಎರಡನೆಯದಾಗಿತ್ತು.

ಅವಳ ಲೆಕ್ಕ ಬಹಳ ಸುಲಭದ್ದು. ಒಂದೊಂದು ಪದಾರ್ಥಕ್ಕೂ ಒಂದು ಗೆರೆ. ಕೋಸಂಬರಿ, ಹುಳಿ, ಚಿತ್ರಾನ್ನ, ಹೋಳಿಗೆ, ಪಾಯಸ, ಬೀಗರಿಗೆಂದು ಮಾಡಿದ್ದ ಖೋವದ ಉಂಡೆ. ಅದನ್ನು ತಿಂದವರಲ್ಲಿ ಎಷ್ಟು ಜನ ಮಲಗಿದರು, ತಿನ್ನದವರಲ್ಲಿ ಎಷ್ಟು ಜನ ಮಲಗಿದರು, ಅಷ್ಟೇ. ತಿಂದವರು ಮಾತ್ರ ಮಲಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ನಾವಿಬ್ಬರೂ ಗುಬ್ಬಿಯ ನೆಂಟರ ಮನೆಗಳನ್ನೆಲ್ಲ ಸುತ್ತಿದೆವು. ಸಂಜೆಗೆ ನೋಡಿದರೆ ತಿಂದವರ ಕಡೆ ಕಾಗದ ತುಂಬಿ ತುಳುಕುತ್ತಿತ್ತು, ತಿನ್ನದವರ ಕಡೆ ಒಂದು ಹೆಸರೂ ಇಲ್ಲ. ಕೋಸಂಬರಿ ತಿಂದ್ರಾ? ತಿಂದೆ. ಪಾಯಸ? ಎರಡು ಸಲ ಹಾಕಿಸ್ಕೊಂಡೆ. ಹಲ್ಲೇ ಇಲ್ಲದ ದೊಡ್ಡತ್ತೆ ಹಪ್ಪಳವನ್ನೂ ಬಿಡಲಿಲ್ಲವಂತೆ. ಮದುವೆ ಮನೆಯಲ್ಲಿ ಇಂಥದ್ದು ತಿನ್ನಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಹೇಳಿದರೆ ಮಾಡಿದವರಿಗೆ, ಬಡಿಸಿದವರಿಗೆ, ಕರೆದವರಿಗೆ ಅವಮಾನ. ವಾಂತಿ ಮಾಡಿಕೊಂಡರೂ ಪರವಾಗಿಲ್ಲ, ಎಲೆಯಲ್ಲಿ ಬಿಟ್ಟೆ ಅನ್ನಬಾರದು. ಅಕ್ಕನ ಪುಸ್ತಕ ಬರೆದವರು ಗುಬ್ಬಿಯಲ್ಲಿ ಮದುವೆ ಊಟ ಮಾಡಿರಲಿಲ್ಲ.

ಅಕ್ಕ ತಲೆ ಮೇಲೆ ಕೈಹೊತ್ತು ಕೂತಳು. ಆಗ ನನ್ನ ತಲೆ ಓಡಿತು. ಇದನ್ನು ಹೇಳುವಾಗ ಮೊದಲೆಲ್ಲ ಕಾಲರ್ ಎತ್ತಿಕೊಳ್ಳುತ್ತಿದ್ದೆ.

"ಅಕ್ಕ, ನೀನೇನು ತಿಂದೆ ಅಂತ ಕೇಳ್ಬೇಡ ಕಣೆ. ಪಕ್ಕದ ಎಲೇಲಿ ಏನ್ ಬಿಟ್ರು ಅಂತ ಕೇಳು."

ಆಮೇಲೆ ನೋಡಬೇಕಿತ್ತು. ತಾವು ಏನು ತಿಂದೆವೆಂದು ನೆನಪಿಲ್ಲದವರಿಗೆಲ್ಲ ಪಕ್ಕದವರ ಎಲೆ ಫೋಟೋ ಹಿಡಿದ ಹಾಗೆ ನೆನಪಿತ್ತು. ದೊಡ್ಡತ್ತೆ ಹಪ್ಪಳ ಮುಟ್ಟಲೇ ಇಲ್ಲ ಎಂದು ಅವಳ ಓರಗಿತ್ತಿ ಹೇಳಿದಳು. ಆ ಓರಗಿತ್ತಿ ಹುಳಿಯನ್ನು ಎಲೆಯಂಚಿಗೆ ತಳ್ಳಿ ಅನ್ನ ಮುಚ್ಚಿದ್ದಳೆಂದು ದೊಡ್ಡತ್ತೆ ಹೇಳಿದಳು. ಮೇಷ್ಟರೊಬ್ಬರಿಗೆ ಸಕ್ಕರೆ ಕಾಯಿಲೆ, ಸಿಹಿ ಒಂದನ್ನೂ ಬಾಯಿಗೆ ಇಡಲಿಲ್ಲ ಎಂದು ಅವರ ಅಕ್ಕಪಕ್ಕದ ಇಬ್ಬರೂ ಸಾಕ್ಷಿ ನುಡಿದರು. ಇಷ್ಟು ಹುರುಪಿನಿಂದ ಗುಬ್ಬಿಯ ಜನ ಸೆನ್ಸಸ್‌ನವರಿಗೂ ಉತ್ತರ ಕೊಟ್ಟಿರಲಾರರು. ತಿನ್ನದವರ ಕಡೆಯೂ ಕಾಗದ ತುಂಬತೊಡಗಿತು. ಮೇಷ್ಟರು ಗಟ್ಟಿಮುಟ್ಟಾಗಿದ್ದರು. ಅಡುಗೆಯವರ ಕಡೆಯವರೂ ಗಟ್ಟಿಯಾಗಿದ್ದರು. ಹುಳಿ ಸಾರೆಲ್ಲ ಉಂಡಿದ್ದರು, ಆದರೆ ಬೀಗರ ಉಂಡೆ ಅವರ ಪಂಕ್ತಿಗೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ. ಅದರ ಸಿಟ್ಟು ನನಗೆ ಇನ್ನೂ ಇತ್ತು.

ಗುಬ್ಬಿಯವರ ಮಾತು ಸಾಲದು, ಕುಣಿಗಲ್‌ನವರದ್ದೂ ಬೇಕು ಎಂದಳು ಅಕ್ಕ. ಒಂಟಿ ಹೆಣ್ಣುಮಗಳು ಅಷ್ಟು ದೂರ ಹೋಗುವುದು ಬೇಡವೆಂದು ಚಿಕ್ಕಪ್ಪ ನನ್ನನ್ನು ಕಾವಲಿಗೆ ಕಳಿಸಿದರು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಗೂಳೂರು ದಾಟಿ, ಕಾವಲುಗಾರ ಅಕ್ಕನ ಭುಜದ ಮೇಲೆ ಜೊಲ್ಲು ಸುರಿಸಿ ನಿದ್ದೆ ಮಾಡಿಕೊಂಡು ಕುಣಿಗಲ್ ಸೇರಿದ. ಬೀಗರ ಮನೆಯಲ್ಲಿ ಯಥಾಪ್ರಕಾರ ಎಲ್ಲರೂ ಎಲ್ಲವನ್ನೂ ತಿಂದಿದ್ದರು. ಆದರೆ ಅವರ ಬೀದಿಯಲ್ಲಿ ಒಂದು ವಿಚಿತ್ರ ಕಾದಿತ್ತು. ಮದುವೆಗೆ ಬರದೆ ಮನೆಯಲ್ಲೇ ಇದ್ದ ಮಕ್ಕಳೂ ಆವತ್ತು ರಾತ್ರಿ ವಾಂತಿ ಮಾಡಿದ್ದವು. ಕುಣಿಗಲ್‌ನ ಮಗುವಿಗೆ ಗುಬ್ಬಿಯ ಊಟ ಹೇಗೆ ತಗುಲಿತು? ತಾಯಂದಿರನ್ನು ಕೇಳಿದರೆ ನೆಲ ನೋಡುತ್ತಿದ್ದರು. ಕೊನೆಗೆ ನಾನು ಎದುರು ಮನೆಯ ಹೆಂಗಸಿನ ಜಗಲಿಯಲ್ಲಿ ಕೂತು, ಪಕ್ಕದ ಮನೆಯವರು ಎಲೆಯಲ್ಲಿ ಏನು ಬಿಟ್ಟರು ಎಂದು ವಿಚಾರಿಸಿದೆ.

"ಬುಡೋದಾ?" ಎಂದಳು ಅವಳು. "ಬುಡೋ ಜನಾನಾ ಅವ್ರು? ಉಂಡೇನ ಎಲೆಯಿಂದ ಎತ್ಕಂಡು ಸೆರಗ್ಗೆ ಕಟ್ಕಂಡ್ಲು. ನನ್ನ ಮುಂದೇನೇ."

ಹಾಗೆ ಎಲ್ಲವೂ ಒಂದೊಂದಾಗಿ ಹೊರಬಂತು. ಮನೆಯಲ್ಲಿ ಬಿಟ್ಟು ಬಂದ ಮಕ್ಕಳಿಗೆಂದು ತಾಯಂದಿರು ತಮ್ಮ ಬಾಯಿಗೂ ಹಾಕದೆ ಸೆರಗಿಗೆ ಕಟ್ಟಿ ಒಯ್ದಿದ್ದರು. ಹೋಳಿಗೆ ಒಯ್ದವರ ಮಕ್ಕಳಿಗೆ ಏನೂ ಆಗಿರಲಿಲ್ಲ. ಉಂಡೆ ಒಯ್ದವರ ಮಕ್ಕಳು ಮಲಗಿದ್ದವು, ಒಯ್ದ ತಾಯಂದಿರು ಗುಂಡುಕಲ್ಲಿನ ಹಾಗಿದ್ದರು. ಹುಳಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುವ ಹೆಂಗಸಂತೂ ಕುಣಿಗಲ್ ತಾಲ್ಲೂಕಿನಲ್ಲೇ ಇರಲಿಲ್ಲ. ಉಂಡೆ ಮನೆಯವರೇ ಕಟ್ಟಿದ್ದು, ಅಡುಗೆಯವರು ಬಚಾವಾದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಸೀಟಿನ ಮೇಲೆ ಕುಣಿಯುತ್ತಿದ್ದೆ. ಅಕ್ಕ ಉಂಡೆ ಕಟ್ಟಿದ್ದು ಯಾರು ಎಂದು ಕೇಳಿದಳು. ಅವಳು ಮದುವೆಯ ಬೆಳಗ್ಗೆ ತಾನೇ ಬಂದಿದ್ದಳು, ಹಿಂದಿನ ದಿನ ಅಲ್ಲಿದ್ದವನು ನಾನು. ಸಾಕ್ಷಿ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಚಿಕ್ಕಪ್ಪನ ಮನೆಯಲ್ಲೇ ಇರುವ ನಮ್ಮಜ್ಜಿ ಖೋವದ ಬಾಣಲೆಯನ್ನು ಯಾರಿಗೂ ಮುಟ್ಟಗೊಡದೆ, ಮೊಮ್ಮಗಳ ಬೀಗರಿಗೆ ತನ್ನ ಕೈಯಿಂದಲೇ ಆಗಬೇಕೆಂದು ಕೂತು ಕಟ್ಟಿದ್ದನ್ನು ಅಭಿನಯಿಸಿ ತೋರಿಸಿದೆ. ಬೆರಳಿಗೆ ಉಗುರುಸುತ್ತಾಗಿ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದಳಲ್ಲ, ಅದನ್ನು ಎಳೆದು ಪಕ್ಕಕ್ಕಿಟ್ಟು, ಅಯ್ಯಪ್ಪ ಅಂದುಕೊಳ್ಳುತ್ತ ಒಂದೊಂದೇ ಉಂಡೆ ತಿರುವಿದ್ದನ್ನು ಮುಖ ಸೊಟ್ಟಗೆ ಮಾಡಿ ತೋರಿಸಿದೆ. ಮುಂದಿನ ಸೀಟಿನವರೂ ತಿರುಗಿ ನಕ್ಕರು.

ಅಕ್ಕ ನಗಲಿಲ್ಲ. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. ಕೀವಾದ ಬೆರಳು, ಖೋವ, ಉಗ್ರಾಣದ ಸೆಕೆಯಲ್ಲಿ ಒಂದು ರಾತ್ರಿ. ಅಷ್ಟೇ ಸಾಕಂತೆ. ನನ್ನ ಮುಖ ಸೊಟ್ಟಗೆ ಇದ್ದದ್ದು ಹಾಗೆಯೇ ಇತ್ತು. ಅದನ್ನು ಸರಿ ಮಾಡಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಅಜ್ಜಿಯನ್ನು ಹಿಡಿದುಕೊಟ್ಟವನು ನಾನೇ, ಅದೂ ನಗಿಸಿಕೊಂಡು.

ದಾರಿಯುದ್ದಕ್ಕೂ ಅಕ್ಕ ಒಂದು ಮಾತು ಹೊಂದಿಸಿಕೊಂಡಳು. ಖೋವ ಕೆಟ್ಟಿತ್ತು ಅಂದರೆ ಸಾಕು. ಅದು ಸುಳ್ಳಲ್ಲ, ಯಾರ ಹೆಸರೂ ಇಲ್ಲ, ಅಡುಗೆಯವರೂ ಉಳಿಯುತ್ತಾರೆ. ನನಗೆ ಹೋದ ಜೀವ ಬಂದ ಹಾಗಾಯಿತು. ಗುಬ್ಬಿಗೆ ಹೋಗಿ ನಡುಮನೆಯಲ್ಲಿ ಹಾಗೆಯೇ ಹೇಳಿದಳು. ಚಿಕ್ಕಪ್ಪ ಆಹಾ ಎಂದು ತೊಡೆ ತಟ್ಟಿ, ಹಾಗಾದರೆ ಹಾಲಿನವಳದ್ದೇ ಕೆಲಸ, ನಾಳೆಯಿಂದ ಅವಳ ಹಾಲು ಬೇಡ ಎಂದರು. ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಅಡುಗೆಯವರ ತಲೆಯಿಂದ ಇಳಿಸಿದ್ದು ಹಾಲಿನವಳ ತಲೆಗೆ ಹೋಗಿ ಕೂತಿತ್ತು.

ಮೂಲೆಯಲ್ಲಿ ಅವರೆಕಾಳು ಸುಲಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ಹಾಲು ಚೆನ್ನಾಗಿತ್ತು. ಕಾಯಿಸ್ದೋಳು ನಾನು. ಕೆಟ್ಟಿದ್ರೆ ಒಡೀತಿರ್ಲಿಲ್ವಾ?"

ಅಕ್ಕ ಏನೋ ಹೇಳಹೊರಟಳು. ಅಜ್ಜಿ ಅವಳ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ನೀನ್ ಹೇಳ್ಲಾ ಮಗ. ನಿನ್ ಬಾಯಲ್ಲಿ ಏನೂ ನಿಲ್ಲಲ್ಲ. ಉಂಡೇಲಿ ಏನಾಗಿತ್ತು?"

ಜೀವಮಾನದಲ್ಲೇ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಆದರೆ ಕಣ್ಣು ಮುಚ್ಚಿಕೊಳ್ಳುವುದು ಮರೆತೆ. ಅದು ಹೋಗಿ ಅವಳ ಬೆರಳಿನ ಮೇಲೆ ಕೂತಿತು. ಅಜ್ಜಿಯೂ ತನ್ನ ಬೆರಳು ನೋಡಿಕೊಂಡಳು. ಮೊರವನ್ನು ಪಕ್ಕಕ್ಕೆ ಸರಿಸಿ, "ಮಕ್ಳೂ ತಿಂದಿದ್ವಾ?" ಎಂದು ಕೇಳಿದಳು. ಅಕ್ಕ ಹೂಂ ಎಂದಳು.

ಮಾರನೆಯ ದಿನ ಅಜ್ಜಿ ನಮ್ಮ ಜೊತೆ ಕುಣಿಗಲ್‌ಗೆ ಬಂದಳು. ಯಾರು ಬೇಡವೆಂದರೂ ಕೇಳಲಿಲ್ಲ. ಅಡುಗೆಯವರನ್ನೂ ಕರೆಸಿಕೊಂಡಿದ್ದಳು. ಬೀಗರ ಪಡಸಾಲೆಯಲ್ಲಿ ನಿಂತು, ನನ್ನ ಕೈಯಿಂದಾಯಿತು, ಇವರದ್ದೇನೂ ಇಲ್ಲ, ಇವರು ನಿಮ್ಮ ಕಡೆಯ ಮದುವೆಗಳನ್ನು ಮಾಡಲಿ ಎಂದಳು. ಮದುಮಗನ ಅಪ್ಪನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೂತ್ಕಳಿ ಕೂತ್ಕಳಿ ಎಂದು ಕುರ್ಚಿ ಎಳೆದರು, ಕಾಫಿ ಎಂದು ಒಳಗೆ ಕೂಗಿದರು. ಕಾಫಿ ತಂದುಕೊಟ್ಟವಳು ನಮ್ಮ ಹುಡುಗಿ, ಆ ಮನೆಯ ಹೊಸ ಸೊಸೆ. ಲೋಟ ಕೊಡುವಾಗ ಅವಳು ಅಳುತ್ತಿದ್ದಳು. ಅಡುಗೆಯವರು ಬಾಗಿಲ ಬಳಿ ನಿಂತು, ನಾನಾದರೂ ಉಂಡೆ ಕಟ್ಟುವವರ ಕೈ ನೋಡಬೇಕಿತ್ತು ಎಂದು ಗೊಣಗಿಕೊಂಡರು. ಅವರು ಆ ಮದುವೆಗಳನ್ನೆಲ್ಲ ಮಾಡಿದರು.

ಅಕ್ಕನ ಬರಹ ಕಾಲೇಜಿನಲ್ಲಿ ಬಹಳ ಮೆಚ್ಚುಗೆಯಾಯಿತಂತೆ. ಪಕ್ಕದ ಎಲೆಯ ಉಪಾಯವನ್ನು ಅವಳ ಮೇಷ್ಟ್ರು ಎರಡೆರಡು ಸಲ ಹೇಳಿಸಿಕೊಂಡು ನಕ್ಕರಂತೆ. ನನಗೆ ಅದನ್ನು ಓದಲು ಕೊಟ್ಟಳು. ಅದರಲ್ಲಿ ಅಜ್ಜಿ 'ಸಿಹಿ ತಯಾರಿಸಿದ ವೃದ್ಧೆ' ಆಗಿದ್ದಳು. ನನ್ನ ಉಪಾಯಕ್ಕೆ ಅರ್ಧ ಪುಟ. ನಾನು ಆ ಪುಟ ಯಾರಿಗೂ ತೋರಿಸಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ದಸರಾ ರಜಕ್ಕೆ ಇಬ್ಬರೂ ಗುಬ್ಬಿಗೆ ಹೋದೆವು. ರಾತ್ರಿ ಎಲ್ಲ ಮೊಮ್ಮಕ್ಕಳನ್ನೂ ಸುತ್ತ ಕೂರಿಸಿಕೊಂಡು, ದೊಡ್ಡ ತಟ್ಟೆಯಲ್ಲಿ ಅನ್ನ ಹುಳಿ ಕಲೆಸಿ ಕೈತುತ್ತು ಹಾಕುವುದು ಅಜ್ಜಿಯ ಪದ್ಧತಿ. ಮೀಸೆ ಬರುತ್ತಿರುವ ನಾನೂ ನಾಚಿಕೆಯಿಲ್ಲದೆ ಕೂರುತ್ತಿದ್ದೆ. ಆ ಸಲ ಕಲೆಸಲು ಕೂತವಳು ಚಿಕ್ಕಮ್ಮ. ಅಜ್ಜಿ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿಕೊಂಡಿದ್ದಳು. ಬೆರಳು ಎಂದೋ ವಾಸಿಯಾಗಿತ್ತು, ಹೊಸ ಉಗುರೂ ಬಂದಿತ್ತು. ಅಕ್ಕ ಹತ್ತಿರ ಕೂತು ಆ ಕೈ ಹಿಡಿದುಕೊಂಡಳು.

"ಅಜ್ಜಿ, ಈಗೇನೂ ಇಲ್ಲ ಕಣೆ. ನಾನೇ ಹೇಳ್ತಾ ಇದೀನಲ್ಲ. ಕಲೆಸು."

"ಗೊತ್ತು ಕಣವ್ವ," ಎಂದಳು ಅಜ್ಜಿ. "ನೀನು ಓದಿದೀಯ."

ನಾನು ಎದ್ದು ಅಜ್ಜಿಯ ಮುಂದೆ ಹೋಗಿ ಕೂತು ಅಂಗೈ ಚಾಚಿದೆ. ಏನಾದರೂ ತಮಾಷೆ ಮಾಡಬೇಕೆಂದುಕೊಂಡಿದ್ದೆ, ಹೊಳೆಯಲಿಲ್ಲ. ಅಜ್ಜಿ ನನ್ನ ಚಾಚಿದ ಕೈಯನ್ನು ಹಿಡಿದು ಮೆಲ್ಲಗೆ ಚಿಕ್ಕಮ್ಮನ ಕಡೆ ತಿರುಗಿಸಿದಳು.

"ಅಲ್ಲಿ ಹಾಕಿಸ್ಕೊ ಮಗ," ಎಂದಳು. ತನ್ನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.