ಕುಯ್ಲಿನ ಕ್ಯಾಲರಿ, ಓಟದ ಕ್ಯಾಲರಿ

ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ನಾನು ಅರ್ಜಿ ಹಾಕಿದ ವರ್ಷ ಓಟದ ಪರೀಕ್ಷೆ ಸರಿಯಾಗಿ ಕಾಫಿ ಕುಯ್ಲಿನ ಮಧ್ಯಕ್ಕೇ ಬಂದು ಕೂತಿತು. ಬೆಳಗೋಡಿನ ಹತ್ತಿರದ ನಮ್ಮ ಸಣ್ಣ ತೋಟಕ್ಕೆ ಕೂಲಿಯಾಳು ಸಿಗುವುದಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಮುಯ್ಯಾಳಿನಲ್ಲೇ ಕುಯ್ಲು ಮುಗಿಸುತ್ತೇವೆ. ಅವರು ಬಂದು ನಮ್ಮ ಹಣ್ಣು ಬಿಡಿಸಿಕೊಟ್ಟರೆ, ನಾವು ಅಷ್ಟೇ ದಿನ ಹೋಗಿ ಅವರದನ್ನು ಬಿಡಿಸಿಕೊಡಬೇಕು. ಅಮ್ಮನ ಜೊತೆ ನಮ್ಮ ಮನೆಯ ಮುಯ್ಯಿ ತೀರಿಸುವವಳು ನಾನೇ. ಬೆಳಿಗ್ಗೆ ಓಡಲು ಹೋದರೆ ಹೊತ್ತಿಗೆ ಸರಿಯಾಗಿ ಹಣ್ಣು ಬಿಡಿಸಲು ಗಿಡಗಳ ಸಾಲು ಹಿಡಿಯಲು ಆಗುತ್ತಿರಲಿಲ್ಲ.

“ಓಡೋದ್ಯಾಕವ್ವ? ಇಡೀ ದಿನ ಗಿಡದ ಸುತ್ತ ಬಗ್ಗಿ ಏಳ್ತೀಯ. ಅದಕ್ಕಿಂತ ಕಸರತ್ತು ಐತಾ?” ಎನ್ನುತ್ತಿದ್ದ ಅಪ್ಪ.

ನನ್ನ ವಾರಗೆಯ ಚಿಕ್ಕಪ್ಪನ ಮಗ ಸಕಲೇಶಪುರದ ಜಿಮ್ಮಿಗೆ ಹೋಗುತ್ತಾನೆ. ಅವನ ಬಾಯಲ್ಲಿ ಕ್ಯಾಲರಿ ಬಿಟ್ಟು ಬೇರೆ ಮಾತಿಲ್ಲ. “ಒಂದ್ಸಲ ಅಳೆದೇ ಬುಡಾನ ಕಣೇ” ಎಂದು ತನ್ನ ವಾಚನ್ನು ನನ್ನ ಕೈಗೆ ಕಟ್ಟಿದ. ಒಂದು ದಿನ ಸೈಕಲ್, ಒಂದು ದಿನ ಓಟ, ಒಂದು ದಿನ ಕುಯ್ಲು. ಅವನ ಟ್ರೆಡ್‌ಮಿಲ್ಲಿನ ಲೆಕ್ಕವನ್ನೂ ಜೊತೆಗಿಟ್ಟು ನೋಡಿದರೆ ಹೆಚ್ಚು ಕ್ಯಾಲರಿ ಕರಗಿದ್ದು ಕುಯ್ಲಿನ ದಿನವೇ. ಅವನ ಮುಖ ಸಪ್ಪಗಾಯಿತು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ನಾನೂ ಹಿಗ್ಗಿ ಓಡುವುದನ್ನೇ ಬಿಟ್ಟೆ.

ಪರೀಕ್ಷೆ ಹತ್ತಿರವಾದಾಗ ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಓಡಿ ನೋಡಿದೆ. ಟೈಮ್ ನೋಡಲು ಅಪ್ಪ ಮೊಬೈಲ್ ಹಿಡಿದು ನಿಂತಿದ್ದ. ಮೊದಲ ಸುತ್ತು ಹೇಗೋ ಮುಗಿಯಿತು. ಆಮೇಲೆ ಏದುಸಿರು ಬಂತು, ಕಾಲು ಮಾತು ಕೇಳಲಿಲ್ಲ. ನಾನು ಗೆರೆ ಮುಟ್ಟುವಷ್ಟರಲ್ಲಿ ಪರೀಕ್ಷೆಯ ಗಡುವು ಮೀರಿಹೋಗಿತ್ತು. ಕುಯ್ಲಿನ ಲೆಕ್ಕ ಬೆಳಿಗ್ಗೆಯಿಂದ ಸಂಜೆಯವರೆಗಿನದು, ಓಟದ್ದು ಅರ್ಧ ಗಂಟೆಯದು ಎಂಬುದು ಆಗ ಹೊಳೆಯಿತು. ನಿಮಿಷಕ್ಕೆ ನಿಮಿಷ ಇಟ್ಟು ನೋಡಿದ್ದರೆ ಕುಯ್ಲು ಓಟದ ಹತ್ತಿರಕ್ಕೂ ಬರುತ್ತಿರಲಿಲ್ಲ. ಮೈ ದಣಿಯುವುದೇ ಬೇರೆ, ಉಸಿರು ಪಳಗುವುದೇ ಬೇರೆ. ಅಷ್ಟು ಓದಿದವಳಿಗೆ ಇದು ತಿಳಿಯಬೇಕಿತ್ತು, ಆದರೂ ಸಿಟ್ಟು ಬಂದದ್ದು ಅಪ್ಪನ ಮೇಲೆ.

“ನಿನ್ ಮಾತು ಕೇಳಿ ಕೆಟ್ಟೆ ಕಣಪ್ಪ” ಎಂದುಬಿಟ್ಟೆ.

ಮರುದಿನ ಪಕ್ಕದ ಮನೆಯವರ ತೋಟಕ್ಕೆ ನಮ್ಮ ಮುಯ್ಯಿ. ನಾನು ಹಣ್ಣಿನ ಚೀಲ ಹುಡುಕುತ್ತಿದ್ದರೆ ಅದು ಅಪ್ಪನ ಸೊಂಟದಲ್ಲಿತ್ತು. ನಮ್ಮಲ್ಲಿ ಹಣ್ಣು ಬಿಡಿಸುವುದು ಹೆಂಗಸರ ಕೆಲಸ. ಗಂಡಸರು ಮೂಟೆ ಹೊರುತ್ತಾರೆ. ಅಪ್ಪ ಜನ್ಮದಲ್ಲಿ ಸಾಲು ಹಿಡಿದವನಲ್ಲ.

“ಪರೀಕ್ಷೆ ಮುಗಿಯೋ ತನಕ ನಿನ್ ಬದ್ಲು ನಾನೇ ಹೋಯ್ತೀನಿ. ನೀನು ಓಡು” ಎಂದ.

ಆ ತೋಟದ ಬೇಲಿಯ ಪಕ್ಕದ ರಸ್ತೆಯಲ್ಲಿ ಓಡುವಾಗ ಒಳಗೆ ಹೆಂಗಸರೆಲ್ಲ ನಗುವುದು ಕೇಳಿಸಿತು. “ಸೀರೆ ಉಟ್ಕಂಡೇ ಬರ್ಬೇಕಿತ್ತು ಕಣಣ್ಣ!” ಎಂದು ಯಾರೋ ಕೂಗಿದರು. ಹೋಗಿ ಚೀಲ ಕಿತ್ತುಕೊಳ್ಳೋಣವೆಂದು ನಿಂತೆ.

“ನಗ್ರವ್ವ, ನಗ್ರಿ” ಎಂದ ಅಪ್ಪ ಒಳಗಿನಿಂದ. “ನನ್ ಮಗಳು ಓಡ್ತಾವ್ಳೆ.”

ನಾನು ಅಳುತ್ತಲೇ ಏರು ಹತ್ತಿದೆ.