ಗರಗಸಕ್ಕೆ ಸುತ್ತಿದ ದಾರ

2023ರಲ್ಲಿ ನಾನು ಹೊಳೆನರಸೀಪುರ ತಾಲ್ಲೂಕಿನ ಒಂದು ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ಗೊತ್ತೇ ಇದೆ, ಉಳಿದವರಿಗೆ ಬೇಕಿಲ್ಲ. ಗೊಬ್ಬರ, ಬಿತ್ತನೆ ಬೀಜ, ಬೆಳೆ ಸಾಲದ ಜೊತೆಗೆ ನಮ್ಮಲ್ಲಿ ಬಾಡಿಗೆ ಯಂತ್ರಗಳ ಮಳಿಗೆಯೂ ಇತ್ತು. ಪವರ್ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು ಇವನ್ನೆಲ್ಲ ರೈತರು ದಿನದ ಬಾಡಿಗೆಗೆ ಒಯ್ಯುತ್ತಿದ್ದರು. ಮರ ಕೊಯ್ಯುವ ಚೈನ್ ಸಾ ಮಾತ್ರ ಒಂಟಿಯಾಗಿ ಹೋಗುತ್ತಿರಲಿಲ್ಲ. ಅದರ ಜೊತೆ ಸಿದ್ದರಾಜು ಹೋಗುತ್ತಿದ್ದ.

ಸಿದ್ದರಾಜು ನಮ್ಮ ಯಂತ್ರ ಚಾಲಕ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಒಣಗಿದ ತೆಂಗು, ಗಾಳಿಗೆ ಬಿದ್ದ ಬೇವು, ಬದುವಿನ ಸಿಲ್ವರ್ ಓಕ್ ಯಾವುದಾದರೂ ಸರಿ, ಮರದ ಸುತ್ತ ಎರಡು ಸಲ ನಡೆದು ನೋಡಿಯೇ ಕೆಲಸಕ್ಕೆ ಇಳಿಯುವವನು. ನಾನು ಆ ಜಾತಿಯವನಲ್ಲ. ಮನೆಗೆ ಮಿಕ್ಸಿ ಕೊಳ್ಳಲು ನಾಲ್ಕು ತಿಂಗಳು ಯೋಚಿಸಿ, ಕೊಂಡ ಮೇಲೆ ಇನ್ನೊಂದು ತಿಂಗಳು ಅದೇ ಸರಿಯಾಯಿತೇ ಎಂದು ಕೊರಗಿದವನು. ಕಚೇರಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದ ಮೇಲೆ ಬೀಗ ಜಗ್ಗಿ ನೋಡಲು ವಾಪಸು ಬರುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು.

ಆ ವರ್ಷದ ಜೂನ್‌ನಲ್ಲಿ ಒಂದು ಸಂಜೆ ಸಿದ್ದರಾಜು ಕಚೇರಿಗೆ ಬಂದು ಎಡಗೈ ಮುಂದೆ ಚಾಚಿದ. ಅಂಗಿಯ ತೋಳು ಮೊಣಕೈವರೆಗೆ ಸೀಳಿತ್ತು. ಒಳಗೆ ಉದ್ದಕ್ಕೆ ಒಂದು ಗೀರು, ಅದರ ಮೇಲೆ ಒಣಗಿದ ರಕ್ತ.

“ಅಂಗಿ ಓಯ್ತು ಸಾ, ಕೈ ಉಳ್ಕತು” ಅಂದ, ನಗುತ್ತಲೇ.

ಆಗ ಮಳಿಗೆಯಲ್ಲಿದ್ದ ಚೈನ್ ಸಾ ನನಗಿಂತ ಹಿಂದಿನ ಕಾರ್ಯದರ್ಶಿ ಆನ್‌ಲೈನಿನಲ್ಲಿ ಒಂಬತ್ತು ಸಾವಿರಕ್ಕೆ ತರಿಸಿದ್ದ ಯಂತ್ರ. ಅದರ ಚೈನ್ ಬ್ರೇಕ್ ಮುರಿದು ವರ್ಷವಾಗಿತ್ತು, ಬಿಡಿಭಾಗ ಎಲ್ಲೂ ಸಿಕ್ಕಿರಲಿಲ್ಲ. ಇಲ್ಲಿ ಸ್ವಲ್ಪ ವಿವರಿಸಬೇಕು. ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ ಗೈಡ್ ಬಾರ್ ಎನ್ನುತ್ತಾರೆ. ಓಡುತ್ತಿರುವಾಗ ಅದರ ತುದಿ ಯಾವುದಾದರೂ ಕೊಂಬೆಗೋ ಗಂಟಿಗೋ ತಗುಲಿದರೆ ಇಡೀ ಯಂತ್ರ ಹಿಡಿದವನ ಕಡೆಗೇ ಮೇಲೆದ್ದು ಬರುತ್ತದೆ. ಇದು ಕಿಕ್‌ಬ್ಯಾಕ್. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಇದಕ್ಕೆಂದೇ ಮುಂದಿನ ಹಿಡಿಯ ಎದುರಿಗೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಡೆ ಇರುತ್ತದೆ. ಯಂತ್ರ ಎಗರಿದಾಗ ಎಡಗೈಯ ಮಣಿಕಟ್ಟು ಅದಕ್ಕೆ ಬಡಿಯುತ್ತದೆ, ತಡೆ ಮುಂದಕ್ಕೆ ಬಾಗುತ್ತದೆ, ಚೈನ್ ನಿಂತುಬಿಡುತ್ತದೆ. ತಡೆ ಬಾಗದಿದ್ದರೆ ಚೈನ್ ನಿಲ್ಲುವುದು ಮಾಂಸದಲ್ಲಿ.

ಆ ಗೀರು ನೋಡಿದ ದಿನವೇ ನಿರ್ಧರಿಸಿದೆ: ಮುಂದಿನ ಯಂತ್ರ ಸಿದ್ದರಾಜುವಿನ ಕೈ ಉಳಿಸುವಂಥದ್ದಾಗಿರಬೇಕು. ಒಳ್ಳೆಯ ನಿರ್ಧಾರ. ಅದನ್ನು ನಡೆಸಲು ಮೂರು ತಿಂಗಳು ತೆಗೆದುಕೊಂಡೆ.

ಮೊದಲು ಹಾಸನ. ಹೆಸರಾಂತ ಕಂಪನಿಯ ಹದಿನೆಂಟು ಇಂಚಿನ ಯಂತ್ರಕ್ಕೆ ಡೀಲರ್ ಹೇಳಿದ್ದು ಮೂವತ್ತೆಂಟೂವರೆ ಸಾವಿರ. ಅದೇ ಮಾಡೆಲ್ ನನ್ನ ಫೋನಿನಲ್ಲಿ ಮೂವತ್ತೊಂದು ಸಾವಿರ ತೋರಿಸುತ್ತಿತ್ತು. ಫೋನನ್ನು ಅವರ ಮುಂದೆ ಹಿಡಿದೆ. “ಫೋನ್‌ನವ್ರೇ ಬಂದು ಕಾರ್ಬ್ಯುರೇಟರ್ ಬಿಚ್ತಾರಾ ಸಾರ್?” ಎಂದು ಕೇಳಿದರು. ಫೋನನ್ನು ಜೇಬಿಗೆ ಹಾಕಿಕೊಂಡೆ. ಅರಕಲಗೂಡಿನ ಅಂಗಡಿಯಲ್ಲಿ ಹನ್ನೆರಡು ಸಾವಿರಕ್ಕೆ ಇನ್ನೂ ದೊಡ್ಡ ಸಿಸಿಯದು ಇತ್ತು. ತಡೆಯನ್ನು ತಳ್ಳಿ ನೋಡಿದರೆ ಅದು ಅಲ್ಲಾಡುವ ಹಲ್ಲಿನಂತೆ ಅಲ್ಲಾಡಿತು. ಚನ್ನರಾಯಪಟ್ಟಣದಲ್ಲಿ ಯಂತ್ರ ಮಾರುವವರಿಗಿಂತ ರಿಪೇರಿ ಮಾಡುವ ಮುನೀರಣ್ಣನೇ ವಾಸಿ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೂ ಹೋದೆ. ಅವರ ಅಂಗಡಿಯ ಮುಂದೆ ಸತ್ತ ಚೈನ್ ಸಾಗಳ ರಾಶಿಯೇ ಇತ್ತು.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಮೂರನೆಯದಕ್ಕೇ ಮುನೀರಣ್ಣ ಕೈ ಅಡ್ಡ ಹಿಡಿದರು.

“ಸಿಸಿ ಗಿಸಿ ಬುಡಿ ಸಾರ್. ಡಬ್ಬದ್ ಮೇಲೆ ಐವತ್ತೆಂಟು ಅಂತ ಬರ್ದಿರ್ತಾರೆ, ಒಳಗಿರೋ ದಮ್ಮೇ ಬೇರೆ. ಚೈನ್ ಕಿತ್ತೋದ್ರೆ ನಾಳೆ ಬೆಳಿಗ್ಗೆ ಸಿಗುತ್ತಾ, ಅದ್ ಕೇಳಿ. ಬ್ರೇಕ್ ಬೀಳುತ್ತಾ, ಅದ್ ನೋಡಿ. ಹಿಡಿಯೋನ್ ಕೈಗೆ ಕೊಟ್ಟು ತೂಕ ಕೇಳಿ. ಬಾಕಿ ಎಲ್ಲ ಬಣ್ಣ.”

ಮತ್ತೆ ಅವರೇ ಒಂದು ಯಂತ್ರ ಎತ್ತಿ ಚಾಲೂ ಮಾಡಿ, ಮಣಿಕಟ್ಟಿನಿಂದ ತಡೆಯನ್ನು ಮುಂದಕ್ಕೆ ನೂಕಿದರು. ಟಕ್ ಎಂದಿತು. ಚೈನ್ ಸ್ತಬ್ಧ. “ದಿನಾ ಬೆಳಿಗ್ಗೆ ಇದೊಂದ್ ಸದ್ದು ಕೇಳ್ಬೇಕು. ಕೇಳ್ಲಿಲ್ಲಾಂದ್ರೆ ಮಿಷನ್ ಮುಟ್ಬೇಡಿ.”

ಮೂರೂ ಊರು ಸುತ್ತಿ ಟಿಪ್ಪಣಿ ಮುಂದಿಟ್ಟಾಗ ಸಂಘದ ಅಧ್ಯಕ್ಷರು ಓದಲೇ ಇಲ್ಲ. “ಏನ್ರೀ ಸೆಕ್ರೆಟ್ರಿಗಳೇ, ಗರಗಸ ತನ್ನಿ ಅಂದ್ರೆ ಎಣ್ ನೋಡಕ್ ಓದಂಗೆ ತಾಲ್ಲೂಕ್ ತಾಲ್ಲೂಕ್ ಸುತ್ತಿದೀರಲ್ಲಾ! ಒಂಬತ್ ಸಾವ್ರುದ್ದೂ ಮರಾನೇ ಕುಯ್ತದೆ, ನಲ್ವತ್ ಸಾವ್ರುದ್ದೂ ಮರಾನೇ ಕುಯ್ತದೆ.”

“ಒಂಬತ್ತರದ್ದು ಬರೀ ಮರ ಕುಯ್ಯಲ್ಲ” ಅಂದೆ. ನನ್ನ ಕೆಲಸದ ಅವಧಿಯಲ್ಲಿ ನಾನು ಅಧ್ಯಕ್ಷರಿಗೆ ಎದುರಾಡಿದ್ದು ಅದೊಂದೇ ಸಲ. ಆಡಿದ ಮೇಲೆ ಎರಡು ಲೋಟ ನೀರು ಕುಡಿದೆ. ಅವರು ಸಹಿ ಹಾಕಿದರು.

ಗಣೇಶನ ಹಬ್ಬ ಕಳೆದ ಮೇಲೆ ಸಿದ್ದರಾಜುವನ್ನೇ ಹಾಸನಕ್ಕೆ ಕರೆದೊಯ್ದೆ. ಡೀಲರ್ ಬೆಲೆ ಇಳಿಸಲಿಲ್ಲ. ಎರಡು ಚೈನ್, ಒಂದು ಹೆಲ್ಮೆಟ್, ಅರ ಹಾಕುವ ಸಾಮಾನು ಜೊತೆಗೆ ಕೊಟ್ಟರು. ಸಿದ್ದರಾಜು ಯಂತ್ರ ಎತ್ತಿ, ಸೊಂಟಕ್ಕೆ ತಂದು, ಇಳಿಸಿ, ಮತ್ತೆ ಎತ್ತಿದ. “ಇದು ಕೈಗೆ ಕುಂತ್ಕತದೆ ಸಾ” ಅಂದ. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ, ಕಂಡಕ್ಟರ್ ಕೆಳಗಿಡಿ ಎಂದರೂ ಇಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಮಳಿಗೆಯಿಂದ ಆ ‘ಟಕ್’ ಕೇಳುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಅದಕ್ಕಾಗಿ ಕಾಯುತ್ತಿದ್ದೆ. ಕೇಳಿದ ಮೇಲೆ ಕಾಫಿ. ಇಷ್ಟು ನಿಶ್ಚಿಂತೆಯಾಗಿ ನಾನು ಯಾವ ವಸ್ತುವಿನ ಬಗ್ಗೆಯೂ ಇದ್ದವನಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಸಿದ್ದರಾಜುವಿನ ಮನೆಯವರು ಬೌದ್ಧರಾಗಿ ಹತ್ತು ವರ್ಷದ ಮೇಲಾಗಿತ್ತು. ಹಬ್ಬದ ಹಿಂದಿನ ದಿನ ಅವನು ಯಂತ್ರಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿ ನಿಲ್ಲಿಸುತ್ತಿದ್ದ. “ನೀವ್ ಮಾಡ್ಕಳಿ ಸಾ” ಎಂದು ಹೇಳಿ, ಮಂಗಳಾರತಿ ಮುಗಿಯುವವರೆಗೆ ಹೊರಗೆ ಹೊಂಗೆ ಮರದ ಕೆಳಗೆ ನಿಂತಿರುತ್ತಿದ್ದ. ಆಮೇಲೆ ಎಲ್ಲರ ಜೊತೆ ಕಡಲೆಪುರಿ ತಿನ್ನುತ್ತಿದ್ದ. ವರ್ಷ ವರ್ಷವೂ ಹೀಗೇ ನಡೆಯುತ್ತಿತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡದಿರುವುದನ್ನೇ ನಾವು ಸೌಹಾರ್ದ ಎಂದುಕೊಂಡಿದ್ದೆವು.

ಹೊಸ ಯಂತ್ರದ ಮೊದಲ ಪೂಜೆ. ನಾನೇ ಮಾಡಿದೆ. ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರೆ ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲಲೊಲ್ಲದು. ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಪೂಜೆಯ ಹೂವು ಬಿದ್ದರೆ ಏನಾದರೂ ಆಗುತ್ತದೆ ಎಂಬ ಭಯ ನನಗೆ. ಗೊಬ್ಬರದ ಚೀಲದ ಬಾಯಿ ಹೊಲಿಯುವ ನೈಲಾನ್ ದಾರ ತಂದು, ಹಾರವನ್ನೂ ನಿಂಬೆಹಣ್ಣನ್ನೂ ಸೇರಿಸಿ, ಮುಂದಿನ ತಡೆಗೂ ಹಿಡಿಗೂ ಒಟ್ಟಿಗೆ ಏಳು ಸುತ್ತು ಸುತ್ತಿದೆ. ಬಿಗಿಯಾಗಿ ಗಂಟು ಹಾಕಿದೆ. ಜಗ್ಗಿ ನೋಡಿದೆ, ಬೀಗ ಜಗ್ಗುವ ಹಾಗೆ. ಅಲ್ಲಾಡಲಿಲ್ಲ. ಸಮಾಧಾನವಾಯಿತು.

ಹಬ್ಬ ಮುಗಿದು ಮಳಿಗೆ ಬಾಗಿಲು ತೆರೆದ ದಿನ ಹೂವು ಬಾಡಿತ್ತು. ಯಾರೋ ಹೂವನ್ನೂ ನಿಂಬೆಹಣ್ಣನ್ನೂ ಕಿತ್ತು ತೆಗೆದರು. ದಾರವನ್ನು ಬಿಟ್ಟರು. ಪೂಜೆಯ ದಾರ ತಾನಾಗಿ ಸವೆದು ಬೀಳಬೇಕು ಎಂಬುದು ನಮ್ಮ ಕಡೆಯ ರೂಢಿ; ಟಿಲ್ಲರಿನ ಹ್ಯಾಂಡಲ್ಲಿನಲ್ಲಿ ಮೂರು ವರ್ಷದ ಹಳೆಯ ದಾರಗಳಿದ್ದವು. ಆ ಬೆಳಿಗ್ಗೆ ನಾನು ಗೊಬ್ಬರದ ಲಾರಿ ಎಲ್ಲಿದೆ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದೆ. ಟಕ್ ಕೇಳಿತೋ ಇಲ್ಲವೋ ಗಮನಿಸಲಿಲ್ಲ. ಕಾಫಿ ಮಾತ್ರ ಕುಡಿದೆ.

ಹನ್ನೊಂದೂವರೆಗೆ ಫೋನು ಬಂತು. ಅರಕಲಗೂಡು ರಸ್ತೆಯ ಪಕ್ಕದ ಹೊಲದಲ್ಲಿ ಬಿದ್ದ ಬೇವಿನ ಮರ ಕೊಯ್ಯುತ್ತಿದ್ದಾಗ, ಸೊಪ್ಪಿನ ಮರೆಯಲ್ಲಿದ್ದ ಕೊಂಬೆಗೆ ಬಾರಿನ ತುದಿ ತಗುಲಿತ್ತು. ನಾನು ಹೋಗುವಷ್ಟರಲ್ಲಿ ಸಿದ್ದರಾಜುವನ್ನು ಹೊಲದ ಯಜಮಾನರೇ ಕಾರಿನಲ್ಲಿ ಹಾಸನಕ್ಕೆ ಒಯ್ದಿದ್ದರು. ಸೊಪ್ಪಿನ ಮೇಲೆಲ್ಲ ರಕ್ತ. ಅದರ ನಡುವೆ ಯಂತ್ರ ಮಲಗಿತ್ತು, ಹಣೆಗೆ ಹಚ್ಚಿದ ಕುಂಕುಮ ಹಾಗೇ ಇತ್ತು. ಎತ್ತಿಕೊಂಡು ತಡೆಯನ್ನು ನೂಕಿದೆ. ಅಲ್ಲಾಡಲಿಲ್ಲ. ನನ್ನ ಏಳು ಸುತ್ತು ಅಷ್ಟು ಚೆನ್ನಾಗಿ ಹಿಡಿದಿತ್ತು.

ಎಡ ಮುಂಗೈಯ ಸ್ನಾಯು, ನರ ಎರಡೂ ಕತ್ತರಿಸಿವೆ ಎಂದರು ವೈದ್ಯರು. ಎರಡು ಶಸ್ತ್ರಚಿಕಿತ್ಸೆಗಳಾದವು. ಕೈ ಉಳಿಯಿತು, ಮೂರು ಬೆರಳು ಮುಚ್ಚಲಾರವು, ಯಂತ್ರ ಹಿಡಿಯುವುದು ಇನ್ನು ಆಗದು ಎಂದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಶೋಭಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಕುತ್ಕಳಮ್ಮ” ಅಂದೆ.

“ಸೆಕ್ರೆಟ್ರಿ ಒಳ್ಳೇ ಮಿಷನ್ ತಂದವ್ರೆ, ಇನ್ನೇನೂ ಬಯ ಇಲ್ಲ ಅಂತ ಕೇರೀಲೆಲ್ಲ ಯೋಳ್ಕಂಡ್ ತಿರುಗ್ತಿದ್ರು ಸಾ” ಅಂದಳು. ಕುಟುಕಲೆಂದು ಹೇಳಿದ್ದಲ್ಲ. ಕುಟುಕಲೆಂದೇ ಹೇಳಿದ್ದರೆ ವಾಸಿಯಿತ್ತು.

ಅಪಘಾತದ ವರದಿ ಬರೆಯಬೇಕಿತ್ತು. ವಿಮೆಯ ನಮೂನೆಯಲ್ಲಿ ‘ಸುರಕ್ಷತಾ ಸಾಧನ ಚಾಲೂ ಇತ್ತೇ? ಇಲ್ಲದಿದ್ದರೆ ಕಾರಣ’ ಎಂಬ ಸಾಲು. ಅಧ್ಯಕ್ಷರು ಬಾಗಿಲು ಮುಂದೆ ಮಾಡಿ ಕೂತರು. “ಅವ್ನು ಸರಿಯಾಗಿ ಇಡ್ಕಳ್ಲಿಲ್ಲ ಅಂತ ಬರ್ದ್ಬುಡಿ. ಪೂಜೆ ದಾರದಿಂದ ಕೈ ಓಯ್ತು ಅಂತ ಬರುದ್ರೆ ನಿಮ್ ಕೆಲ್ಸಾನೂ ಓಯ್ತದೆ, ಜನಾನೂ ಒಂಥರಾ ತಿಳ್ಕತಾರೆ.” ತಪ್ಪು ಅವನದೇ ಎಂದು ಬರೆದರೆ ವಿಮೆ ಸಿಗುವುದಿಲ್ಲ, ಸಿದ್ದರಾಜುವಿಗೆ ಸಂಘದಲ್ಲಿ ಕೆಲಸವೂ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಕ್ಷಣವೇ ನಾನು ಎದ್ದು ನಿಂತು ಸತ್ಯ ಬರೆದೆ ಎಂದು ಹೇಳಿಕೊಳ್ಳಬಹುದಿತ್ತು. ಬರೆಯಲಿಲ್ಲ. ನಮೂನೆಯನ್ನು ಒಂಬತ್ತು ದಿನ ಚೀಲದಲ್ಲಿ ಹೊತ್ತು ತಿರುಗಿದೆ. ದಾರವನ್ನು ಅವನೂ ನೋಡಿರಬೇಕಲ್ಲ, ಅನುಭವಸ್ಥ, ಬಿಚ್ಚಬಹುದಿತ್ತಲ್ಲ ಎಂಬ ಒಂದು ಎಳೆ ಹಿಡಿದುಕೊಂಡು ಕೂತಿದ್ದೆ. ಹತ್ತನೆಯ ದಿನ ವಾರ್ಡಿಗೆ ಹೋಗಿ ಅದನ್ನೇ ಕೇಳಿದೆ.

“ಬೆಳಿಗ್ಗೆ ಬ್ರೇಕ್ ನೋಡಿದ್ಯಾ ಸಿದ್ದರಾಜು?”

“ನೋಡ್ದೆ ಸಾ. ತಳ್ದೆ. ಬೀಳ್ಲಿಲ್ಲ.”

“ದಾರ ಕಂಡಿತ್ತಾ?”

“ಕಾಣ್ದೆ ಏನ್ ಸಾ.”

“ಮತ್ತೆ ಕಿತ್ ಹಾಕೋದಲ್ವೇನಪ್ಪಾ?”

ಅವನು ಪಟ್ಟಿ ಸುತ್ತಿದ ಕೈ ಕಡೆ ನೋಡಿದ. ಪಕ್ಕದ ಹಾಸಿಗೆಯವರಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದ.

“ಬ್ಯಾರೆ ಯಾರಾರ ಕಿತ್ರೆ ದಾರ ಕಿತ್ತ ಅಂತಾರೆ ಸಾ. ನಾನ್ ಕಿತ್ರೆ ಪೂಜೆ ಕಿತ್ತಾಕ್ದ ಅಂತಾರೆ. ನಿಮ್ಮುನ್ ಕೇಳವಾ ಅಂತ ಬಂದೆ, ಫೋನಲ್ಲಿದ್ರಿ. ಒಂದಿನ ತಾನೆ, ಸಂಜ್ಗೆ ಬಂದು ಯೋಳವಾ ಅಂದ್ಕಂಡೆ.”

ಬಾಗಿಲವರೆಗೆ ಬಂದು ಹೋಗಿದ್ದ. ನಾನು ತಲೆ ಎತ್ತಿರಲಿಲ್ಲ.

ವಾರ್ಡಿನ ಕಿಟಕಿ ಕಟ್ಟೆಯ ಮೇಲಿಟ್ಟೇ ನಮೂನೆ ತುಂಬಿದೆ. ‘ಇಲ್ಲ. ಪೂಜೆಯ ಸಂದರ್ಭದಲ್ಲಿ ಬ್ರೇಕಿನ ತಡೆಯನ್ನು ಹಿಡಿಗೆ ಸೇರಿಸಿ ನೈಲಾನ್ ದಾರದಿಂದ ಕಟ್ಟಲಾಗಿತ್ತು. ಕಟ್ಟಿದವನು ಕಾರ್ಯದರ್ಶಿಯಾದ ನಾನು.’ ಕೆಲಸ ಹೋಗಲಿಲ್ಲ. ನೋಟಿಸ್ ಬಂತು, ಒಂದು ವರ್ಷದ ವೇತನ ಬಡ್ತಿ ತಡೆಯಾಯಿತು, ಅಧ್ಯಕ್ಷರು ನನ್ನ ಜೊತೆಗಿನ ಮಾತನ್ನು ಬೇಕಾದಷ್ಟಕ್ಕೇ ನಿಲ್ಲಿಸಿದರು. ವಿಮೆಯ ಹಣ ತಡವಾಗಿ ಬಂತು. ಸಿದ್ದರಾಜು ಮಳಿಗೆಯ ಉಸ್ತುವಾರಿಯಾದ. ತನ್ನ ಬದಲು ಚೈನ್ ಸಾ ಜೊತೆ ಹೋಗುವವರಿಗೆ ಬ್ರೇಕ್ ತೋರಿಸಿಕೊಡುವುದು ಅವನ ಕೆಲಸ. ಹೇಗೆ ಹಿಡಿಯಬೇಕು ಎಂದು ಹೇಳುತ್ತಾನೆ, ಹಿಡಿದು ತೋರಿಸಲಾರ.

ಈಗಲೂ ಯಾರಾದರೂ ಒಳ್ಳೆಯ ಚೈನ್ ಸಾ ಯಾವುದು ಎಂದು ಕೇಳಿದರೆ ಮುನೀರಣ್ಣ ಹೇಳಿದ್ದನ್ನೇ ಹೇಳುತ್ತೇನೆ. ನಮ್ಮ ಕಡೆ ಬೆಲೆ ಜಾಸ್ತಿಯೇ. ಬಿಡಿಭಾಗ, ರಿಪೇರಿ ಹತ್ತಿರ ಸಿಗುವುದಾದರೆ ಆ ಏಳೂವರೆ ಸಾವಿರ ಹೆಚ್ಚಿಗೆ ಕೊಟ್ಟೇ ಕೊಳ್ಳಿ, ಬ್ರೇಕ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಮೊದಲು ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಈಗ ಇನ್ನೊಂದು ಕೇಳುತ್ತೇನೆ: ಅದನ್ನು ಹಿಡಿಯುವ ಮನುಷ್ಯ ನಿಮ್ಮ ಮುಂದೆ ಬಂದು ‘ಇದು ಸರಿಯಿಲ್ಲ’ ಎನ್ನಬಲ್ಲನೇ? ಎನ್ನಲಾರನಾದರೆ ಯಂತ್ರ ಕೊಳ್ಳಬೇಡಿ. ನಾನು ಮೂರು ಊರಲ್ಲಿ ಇಪ್ಪತ್ತೆರಡು ಪ್ರಶ್ನೆ ಕೇಳಿ ಬಂದೆ, ನಮ್ಮ ಮಳಿಗೆಯೊಳಗೆ ಇದೊಂದನ್ನು ಕೇಳಲಿಲ್ಲ.

ಮರುವರ್ಷ ಆಯುಧ ಪೂಜೆಗೆ ಮುಂಚೆ ಗೋಡೆಗೆ ಆದೇಶ ಅಂಟಿಸಿದೆ: ಯಂತ್ರಗಳಿಗೆ ಏನನ್ನೂ ಕಟ್ಟಬಾರದು, ಕಟ್ಟಿದ್ದರೆ ಯಾರು ಬೇಕಾದರೂ ಬಿಚ್ಚಬಹುದು. ಕೆಳಗೆ ನನ್ನ ಸಹಿ, ಮೊಹರು. ಹಬ್ಬದ ಮರುದಿನ ಮಳಿಗೆಗೆ ಹೋದರೆ ಚೈನ್ ಸಾ ಹಿಡಿಗೆ ಕೆಂಪು ದಾರ. ಯಾರು ಕಟ್ಟಿದರೋ ಗೊತ್ತಿಲ್ಲ. ಸಿದ್ದರಾಜು ಅದರ ಪಕ್ಕದಲ್ಲೇ ನಿಂತಿದ್ದ, ಎಡಗೈ ಜೇಬಿನಲ್ಲಿ.

“ಬರ್ದು ಅಂಟ್ಸಿದೀನಲ್ಲ ಸಿದ್ದರಾಜು, ಬಿಚ್ಚೋದಲ್ವಾ?”

“ಬರ್ದಿದೀರಿ ಸಾ” ಅಂದ. ಗೋಡೆಯ ಮೇಲಿನ ಆದೇಶದ ಕಡೆ ನೋಡಿ, “ನೀವೇ ಬಿಚ್ಚಿ” ಅಂದ.

ಬಿಚ್ಚಿದೆ. ಅವನು ಬಲಗೈಯಿಂದ ತಡೆಯನ್ನು ಮುಂದಕ್ಕೆ ನೂಕಿದ. ಟಕ್ ಎಂದಿತು.