ಯಾರೂ ಕೇಳದೇ ಹೇಳಿದ ಮಾತು

ಮೊನ್ನೆ ಅವ್ವನ ವರ್ಷದ ತಪಾಸಣೆಗೆಂದು ಸಾಂಗಲಿಯ ಲ್ಯಾಬಿಗೆ ಹೋಗಿದ್ದೆ. ಒಳಗಿನ ಬಾಗಿಲು ತೆರೆದಾಗಲೆಲ್ಲ ಕಣ್ಣಲ್ಲಿ ನೀರು ತರಿಸುವಂಥ ಘಾಟು ಹೊರಗೆ ಬರುತ್ತಿತ್ತು. ದೇಹದಿಂದ ತೆಗೆದ ತುಣುಕು ಕೆಡದಂತೆ ಮುಳುಗಿಸಿಡುವ ಔಷಧದ ವಾಸನೆ ಅದು. ಉಳಿದವರು ಸೆರಗು, ಕರ್ಚೀಫು ಹುಡುಕಿದರು. ನನಗೆ ಮಾತ್ರ ಮಿರಜಿನ ನಮ್ಮ ಓಣಿ, ಎದುರುಮನೆಯ ಕಟ್ಟೆ, ಅದಕ್ಕೆ ಸೈಕಲ್ಲು ಆನಿಸಿ ಇಳಿಯುತ್ತಿದ್ದ ಕಾಕಾ... ಎಷ್ಟು ತೊಳೆದರೂ ಅವರ ಅಂಗಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ಕಾಕಾ ನಮಗೆ ಸಂಬಂಧಿಕರೇನಲ್ಲ. ಅವರದು ಕ್ರೈಸ್ತರ ಮನೆ, ನಮ್ಮದು ಲಿಂಗಾಯತ ವ್ಯಾಪಾರಿಗಳದು. ನಡುವೆ ಒಂದು ಸಣ್ಣ ಓಣಿ. ಕ್ರಿಸ್‌ಮಸ್‌ಗೆ ಅಲ್ಲಿಂದ ಸಿಹಿ ಕರಂಜಿ ಬರುತ್ತಿತ್ತು, ಸಂಕ್ರಾಂತಿಗೆ ಇಲ್ಲಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೋಗುತ್ತಿತ್ತು. ಅವರು ಸಂತರೇನೂ ಆಗಿರಲಿಲ್ಲ. ಕೇರಮ್ ಆಟದಲ್ಲಿ ಸೋತರೆ ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದರು. ಹಾಡಲು ಬರದಿದ್ದರೂ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆಂದು ಅವರ ಹೆಂಡತಿ, ನಮ್ಮ ಕಾಕೂ, ನಗುತ್ತಿದ್ದರು. ದಿನಾ ಸಂಜೆ ಕೆಲಸದಿಂದ ಬಂದವರೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿದ್ದೆ ಮಾಡುತ್ತಾರೆಂದು ನಾವು ಮಕ್ಕಳು ತಿಳಿದಿದ್ದೆವು. "ದಿನಾ ಮಾಡಿದ್ದೆಲ್ಲಾ ಪ್ರಭು ಮುಂದ ಹೇಳಿ ಬರ್ತಾರ," ಎಂದು ಕಾಕೂ ಒಮ್ಮೆ ಅಂದಿದ್ದರು. ಅದರಲ್ಲೇನಿದೆ ಅಷ್ಟು ಹೇಳುವಂಥದ್ದು ಎಂದು ನನಗೆ ಅನಿಸಿತ್ತು.

ನಾನು ಕಾಲೇಜಿನಲ್ಲಿದ್ದಾಗ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ಡಾಕ್ಟರರು ಅದರದೊಂದು ತುಣುಕು ತೆಗೆದು, ಕಾಕಾ ಕೆಲಸ ಮಾಡುತ್ತಿದ್ದ ಮಿರಜಿನ ಲ್ಯಾಬಿಗೇ ಕಳಿಸಿದರು. ಬಂದ ತುಣುಕಿಗೆ ಸಂಖ್ಯೆ ಹಚ್ಚಿ, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಕೊಡುವುದು ಕಾಕಾನ ಕೆಲಸ. ನೋಡಿ ತೀರ್ಮಾನ ಹೇಳುವವರು ಲ್ಯಾಬಿನ ಡಾಕ್ಟರರು. ಮನೆಯಲ್ಲಿ ಯಾರಿಗೂ ಊಟ ಸೇರದ ಕೆಲವು ದಿನ ಕಳೆದ ಮೇಲೆ ರಿಪೋರ್ಟನ್ನು ಕಾಕಾನೇ ತಂದರು. ಓಣಿಯ ತುದಿಯಿಂದಲೇ ಕೂಗಿದರು, "ಅಕ್ಕಾರ, ಏನೂ ಇಲ್ರಿ! ಸಾದಾ ಗಂಟ ಐತಿ!" ಅಪ್ಪ ಪೇಡೆ ತರಿಸಿದ. ಕಾಕಾನ ಬಾಯಿಗೆ ತಾನೇ ಒಂದು ಇಟ್ಟ.

ವಾರ ಕಳೆದಿರಬಹುದು. ಒಂದು ಮಧ್ಯಾಹ್ನ, ಅಪ್ಪ ಅಂಗಡಿಯಿಂದ ಬಂದು ಉಣ್ಣಲು ಕುಳಿತಾಗ ಕಾಕಾ ನಮ್ಮ ಬಾಗಿಲಲ್ಲಿ ನಿಂತಿದ್ದರು. ಆ ಹೊತ್ತಿಗೆ ಅವರು ಮನೆಯಲ್ಲಿರುವುದೇ ಇಲ್ಲ. ಅವ್ವ "ಬರ್ರಿ, ಕುಂದ್ರಿ" ಎಂದಳು. ಅವರು ಕೂರಲಿಲ್ಲ.

"ಅಕ್ಕಾರ, ಸಾವಕಾರ್ರ, ನನ್ನಿಂದ ದೊಡ್ಡ ತಪ್ಪ ಆಗೇತಿ. ಆ ರಿಪೋರ್ಟ ನಿಮ್ದಲ್ರಿ."

ನಿಂತೇ ಎಲ್ಲ ಹೇಳಿದರು. ಅವತ್ತು ಎರಡು ಬಾಟಲಿ ಒಟ್ಟಿಗೆ ಬಂದಿದ್ದವು. ಒಂದು ಅವ್ವನದು, ಇನ್ನೊಂದು ಹತ್ತಿರದ ಆರಗ ಊರಿನ ಒಬ್ಬ ಹೆಂಗಸಿನದು. ಸಂಖ್ಯೆ ಹಚ್ಚುವಾಗ ಯಾರೋ ಕರೆದರೆಂದು ಎದ್ದು ಹೋಗಿ, ಬಂದು ಮತ್ತೆ ಕೆಲಸ ಹಿಡಿದಿದ್ದರು. ಇದೆಲ್ಲ ಅವರಿಗೆ ಮರೆತೇ ಹೋಗಿತ್ತು. ಒಂದು ಸಂಜೆ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಾಗ, ಅವ್ವನಿಗೆ ಏನೂ ಇಲ್ಲವೆಂದು ಬಂದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಹೊರಟಾಗಲೇ, ಆ ಎದ್ದು ಹೋದದ್ದು ನೆನಪಾಯಿತಂತೆ. ಮರುದಿನ ಉಳಿದಿದ್ದ ತುಣುಕುಗಳನ್ನು ತೆಗೆದು ನೋಡಿದರು. ಅವ್ವನದು ದೊಡ್ಡ ತುಣುಕೆಂದು ಡಾಕ್ಟರರು ಕಳಿಸುವಾಗಲೇ ತಿಳಿಸಿದ್ದರು. ಅವ್ವನ ಹೆಸರಿನಲ್ಲಿದ್ದದ್ದು ಚಿಕ್ಕದು. ಎರಡೂ ಅದಲುಬದಲಾಗಿದ್ದವು.

ಅಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಎಸೆದು ಎದ್ದ. ಅಷ್ಟು ಸಿಟ್ಟಾದ ಅಪ್ಪನನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಪೇಡೆ ಹೆಂಗ ತಿಂದ್ಯೋ ನೀ? ನನ್ನ ಕೈಯಾಗಿಂದ ತಿಂದ್ಯಲ್ಲೋ! ಹೊರಗ ನಡಿ!" ಎಂದು ಕೂಗಿದ. ಯಾವತ್ತೂ 'ನೀವು' ಎನ್ನುತ್ತಿದ್ದವನು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಕಾಕಾ ತಲೆ ತಗ್ಗಿಸಿ ನಿಂತಿದ್ದರು, ಹೊರಗೆ ಹೋಗಲಿಲ್ಲ.

ಅವ್ವ ಅಪ್ಪನ ತಟ್ಟೆ ಪಕ್ಕಕ್ಕೆ ಸರಿಸಿ ಕುಳಿತಳು. ಕಾಕಾನನ್ನು ಕೇಳಿದಳು, "ಆರಗದಾಕಿಗೆ ಹೇಳೀರೇನ್ರಿ?"

"ಇಲ್ರಿ. ಈಗ ಹೊಂಟೇನಿ."

"ಮೊದಲ ಅಲ್ಲಿ ಹೋಗಬೇಕಿತ್ತಲ್ರಿ ಅಣ್ಣಾರ. ಪಾಪ, ಆಕಿ ಅಳ್ಕೋತ ಕುಂತಿರ್ತಾಳ."

"ಚೊಲೊ ಸುದ್ದಿ ಹೇಳೂದು ಹಗುರ್ರಿ ಅಕ್ಕಾರ. ಅದಕ್ಕ ಮೊದಲ ಇಲ್ಲಿ ಬಂದೆ."

ಮತ್ತೆ ಮಾಡಿದ ಪರೀಕ್ಷೆಯಲ್ಲಿ ಅವ್ವನಿಗೆ ಕ್ಯಾನ್ಸರ್ ಇರುವುದು ಖಚಿತವಾಯಿತು. ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದು ಡಾಕ್ಟರರು ಮತ್ತೆ ಮತ್ತೆ ಹೇಳಿದರು. ಆಪರೇಷನ್ನು, ಔಷಧ, ಉದುರಿದ ಕೂದಲು... ಆ ತಿಂಗಳುಗಳನ್ನು ಈಗ ಬಿಡಿಸಿ ನೆನೆಯಲು ಮನಸ್ಸಿಲ್ಲ. ಕಾಕಾನ ಕೆಲಸ ಆ ವಾರವೇ ಹೋಗಿತ್ತು. ಲ್ಯಾಬಿನ ಹೆಸರು ಕೆಡಿಸಿದೆ ಎಂದು ಬಿಡಿಸಿದರು. ಕಾಕೂ ಮನೆಯಲ್ಲಿ ಟ್ಯೂಷನ್ ಶುರು ಮಾಡಿದರು. ಕಾಕಾ ದಿನಾ ಆಸ್ಪತ್ರೆಗೆ ಬರುತ್ತಿದ್ದರು. ಅಪ್ಪನಿಗೆ ಅಂಜಿ ಗೇಟಿನ ಹೊರಗೇ ನಿಂತಿರುತ್ತಿದ್ದರು. ಅದು ತಿಳಿದ ದಿನ ಅವ್ವ, "ಅವರನ್ನ ಮ್ಯಾಲ ಕರಕೊಂಡ ಬಾ. ಇಲ್ಲಾಂದ್ರ ನಾನ ಇಳದ ಹೋಗ್ತೇನಿ," ಎಂದು ನನಗೆ ಹೇಳಿದಳು. ಅಪ್ಪನಿಗೂ ಕೇಳಿಸುವಂತೆಯೇ ಹೇಳಿದಳು.

ಆ ಕಾಲದಲ್ಲೇ ಕಾಕೂನಿಂದ ಇನ್ನೊಂದು ಸಂಗತಿ ತಿಳಿಯಿತು. ಲ್ಯಾಬಿನ ಡಾಕ್ಟರರು ಕಾಕಾನಿಗೆ ಒಂದು ದಾರಿ ತೋರಿಸಿದ್ದರಂತೆ. ತುಣುಕು ಸಾಲಲಿಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಬೇಕು ಎಂದು ಇಬ್ಬರಿಗೂ ಹೇಳಿ ಕರೆಸೋಣ. ಇಬ್ಬರಿಗೂ ಸರಿಯಾದ ಉತ್ತರ ಸಿಗುತ್ತದೆ, ಅದಲುಬದಲಾದದ್ದು ಯಾರಿಗೂ ತಿಳಿಯುವುದಿಲ್ಲ, ಎಂದು. ಕಾಕಾ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದಾಗ ನಾನು ನೇರವಾಗಿ ಕೇಳಿದೆ, "ಹಂಗ ಮಾಡಿದ್ರ ನಿಮ್ಮ ಕೆಲಸಾನೂ ಉಳೀತಿತ್ತು. ಅವ್ವಗೂ ಔಷಧ ಸಿಗ್ತಿತ್ತು. ಯಾಕ ಮಾಡ್ಲಿಲ್ರಿ ಕಾಕಾ?"

"ಮಾಡೂಣು ಅಂತನ ಅನಿಸಿತ್ತವಾ," ಎಂದರು. "ಅಂಜಿಕಿ ಬಂದಿತ್ತು. ಅವತ್ತ ಸಂಜಿಗೆ ಒಳಗ ಹೋಗ್ಲೇ ಇಲ್ಲ ನಾ. ಇಲ್ಲೇ ಕುಂತೆ. ಬಾಗಲಾ ಹಾಕ್ಕೊಂಡ ಪ್ರಭು ಮುಂದ ಕುಂತ್ರ ಏನ ಮಾತಾಡ್ಲಿ? ಮಳಿ ಬೆಳಿ ವಿಚಾರ ಮಾತಾಡ್ಲ್ಯಾ?" ತಾವೇ ನಕ್ಕರು. ಆಮೇಲೆ ಅಂದರು, "ಆ ಒಳಗಿನ ಕ್ವಾಣಿ ಬಿಟ್ಟ ಇರಾಕ ನನಗ ಆಗೂದಿಲ್ಲವಾ. ಕೆಲಸಾ ಬಿಟ್ಟ ಇರಬಹುದು."

ಅವ್ವನ ಕೂದಲು ಮತ್ತೆ ಬೆಳೆಯತೊಡಗಿದ ದಿನಗಳಲ್ಲಿ ಸಾಂಗಲಿಯಲ್ಲಿ ಹೊಸ ಲ್ಯಾಬು ತೆಗೆಯಲಿದ್ದ ಒಬ್ಬ ಡಾಕ್ಟರರು ಅಪ್ಪನ ಬೆಲ್ಲದ ಅಂಗಡಿಗೆ ಬಂದರು. ಕಾಕಾ ಅವರ ಬಳಿ ಕೆಲಸ ಕೇಳಿದ್ದರು. ಹಿಂದಿನ ಕೆಲಸ ಯಾಕೆ ಹೋಯಿತೆಂದೂ ತಾವೇ ಹೇಳಿದ್ದರು. ಈ ಮನುಷ್ಯನನ್ನು ನಂಬಬಹುದೇ ಎಂದು ಡಾಕ್ಟರರು ಅಪ್ಪನನ್ನೇ ಕೇಳಿದರು. ನಾನು ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದೆ. ಅಲ್ಲಿಯವರೆಗೂ ಅಪ್ಪ ಕಾಕಾನೊಡನೆ ಒಂದು ಮಾತೂ ಆಡಿರಲಿಲ್ಲ.

ಅಪ್ಪ ಕೈಯಲ್ಲಿದ್ದ ಬೆಲ್ಲದ ಪೆಂಟೆ ಕೆಳಗಿಟ್ಟ. ಆಮೇಲೆ ಹೇಳಿದ, "ಬ್ಯಾರೆಯವ್ರು ತಪ್ಪ ಮಾಡಿದ್ರ ನಿಮಗ ಗೊತ್ತಾಗೂದಿಲ್ಲ ಡಾಕ್ಟರ್ ಸಾಹೇಬ್ರ. ಇವ್ರು ಮಾಡಿದ್ರ ಗೊತ್ತಾಗ್ತೈತಿ. ಇಟ್ಕೋರಿ."

ಅವತ್ತು ಸಂಜೆ ಅಪ್ಪ ತಾನೇ ಓಣಿ ದಾಟಿ ಹೋದ. ಕಾಕಾ ಒಳಕೋಣೆಯಲ್ಲಿದ್ದರು. ಅವರು ಹೊರಗೆ ಬರುವವರೆಗೂ ಕಟ್ಟೆಯ ಮೇಲೆ ಕಾದು ಕುಳಿತ. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಮರುವಾರ ಕೇರಮ್ ಬೋರ್ಡು ಹೊರಗೆ ಬಂತು.

ಆರಗದ ಹೆಂಗಸು ನಮ್ಮ ಅವ್ವನ ಗೆಳತಿಯಾದಳು. ಸಾಯುವವಳೇ ಎಂದುಕೊಂಡು ಇಳಕಲ್ ಸೀರೆಗಳನ್ನೆಲ್ಲ ತಂಗಿಗೆ ಕೊಟ್ಟುಬಿಟ್ಟಿದ್ದಳಂತೆ. ಬದುಕುತ್ತಾಳೆಂದು ತಿಳಿದ ಮೇಲೂ ತಂಗಿ ಒಂದನ್ನೂ ತಿರುಗಿ ಕೊಡಲಿಲ್ಲವೆಂದು ಇವತ್ತಿಗೂ ದೂರುತ್ತಾಳೆ. ಹೋದ ವರ್ಷ ಮಳೆಗಾಲದಲ್ಲಿ ಕಾಕಾ ತೀರಿಕೊಂಡಾಗ ಅವಳೂ ಬಸ್ಸು ಹತ್ತಿ ಬಂದಳು. ಪಾಸ್ಟರರು ಮರಾಠಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಅವಳೂ ಅವ್ವನೂ ಕೈ ಕೈ ಹಿಡಿದು ನಿಂತಿದ್ದರು. ಅಪ್ಪ ಅಂಗಡಿ ಮುಚ್ಚಿ ಬಂದು, ಬೇಡವೆಂದರೂ ಕೇಳದೆ, ಪೆಟ್ಟಿಗೆಗೆ ಹೆಗಲು ಕೊಟ್ಟ. ಕಾಕೂ ಈಗ ಪುಣೆಯಲ್ಲಿ ಮಗಳ ಹತ್ತಿರ ಇದ್ದಾರೆ. ಎದುರುಮನೆಗೆ ಬೇರೆಯವರು ಬಂದಿದ್ದಾರೆ...

ಮೊನ್ನೆ ನಾವು ಹೋದದ್ದು ಕಾಕಾ ಕೊನೆಯವರೆಗೆ ಕೆಲಸ ಮಾಡಿದ ಆ ಲ್ಯಾಬಿಗೇ. ಒಬ್ಬ ಹುಡುಗಿ ಬಂದು ಎಲ್ಲ ಸರಿ ಇದೆ ಎಂದಳು. ಅವ್ವ ಏಳಲಿಲ್ಲ. "ಖಾತ್ರಿ ಐತೇನವಾ?" ಎಂದು ಕೇಳಿದಳು.

"ಹೌದ್ರಿ ಅಜ್ಜಿ. ಸಂಶಯ ಬಂದ್ರ ನಾವ ಫೋನ್ ಮಾಡಿ ಖರೇ ಹೇಳ್ತೀವಿ. ನಮ್ಮ ಸರ್ ಹಂಗ ರೂಢಿ ಹಾಕಿ ಹೋಗ್ಯಾರ."

ಯಾವ ಸರ್ ಎಂದು ಅವ್ವ ಕೇಳಲಿಲ್ಲ. ಹುಡುಗಿಯ ಗಲ್ಲ ಮುಟ್ಟಿ, ನನ್ನ ಕೈ ಹಿಡಿದು ಎದ್ದಳು. ಮೆಟ್ಟಿಲು ಇಳಿಯುವಾಗ ಅರ್ಧಕ್ಕೆ ನಿಂತು ಹೇಳಿದಳು, "ನಿಮ್ಮ ಕಾಕಾ ಇದ್ದಿದ್ರ ಈ ಸುದ್ದಿ ತಗೊಂಡ ಇವತ್ತ ಚಹಾಕ್ಕ ಬರ್ತಿದ್ರು ನೋಡು."